ಮಬ್ಬಾಗಿದ್ದದ್ದು ಟೆಲಿಸ್ಕೋಪ್ ಅಲ್ಲ

“ಐದು ಸಾವಿರದೊಳಗೆ ಒಂದು ಒಳ್ಳೆ ಟೆಲಿಸ್ಕೋಪ್ ಹೇಳು ಗುರು” ಅಂತ ಆಫೀಸಿನ ಗೆಳೆಯನೊಬ್ಬ ಮೊನ್ನೆ ಊಟದ ಹೊತ್ತಲ್ಲಿ ಕೇಳಿದ. ಫೋನ್ ತೆಗೆದು ತೋರಿಸಿದ. ಡಬ್ಬದ ಮೇಲೆ ಬಣ್ಣಬಣ್ಣದ ಶನಿಗ್ರಹ, ಪಕ್ಕದಲ್ಲಿ ದಪ್ಪಕ್ಷರದಲ್ಲಿ “525 ಎಕ್ಸ್”. ನೋಡಿ ನಗು ಬಂತು. ಅದೇ ಡಬ್ಬ ನಮ್ಮೂರ ಮನೆಯ ಅಟ್ಟದ ಮೇಲೆ ಕೂತಿದೆ. ಅವನಿಗೆ ಅಲ್ಲೇ ಉತ್ತರ ಹೇಳೋಕೆ ಹೋದೆ, ಎರಡು ಗಂಟೆಗೆ ಮೀಟಿಂಗ್ ಇತ್ತು, ಅರ್ಧಕ್ಕೇ ನಿಂತಿತು. ಉಳಿದಿದ್ದು ಈ ವಾರದ ಅಂಕಣ.

ನಮ್ಮದು ಶಿರಾ ಹತ್ತಿರದ ಒಂದು ಹಳ್ಳಿ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು, ರಿಟೈರ್ ಆಗಿ ಆರು ವರ್ಷ ಆಗಿತ್ತು. ಮೂವತ್ತನಾಲ್ಕು ವರ್ಷ ಪ್ರತಿ ಬ್ಯಾಚಿಗೂ ಬೋರ್ಡ್ ಮೇಲೆ ಸೌರಮಂಡಲ ಬರೆದವರು. ಶನಿಗೆ ಮಾತ್ರ ಹಳದಿ ಚಾಕ್‌ಪೀಸ್ ಎತ್ತಿಟ್ಟಿರ್ತಿದ್ರು, ಉಂಗುರ ಬರೆಯೋವಾಗ ಚಾಕ್ ಅಡ್ಡ ಮಲಗಿಸಿ ಒಂದೇ ಎಳೆತ. ನಾನೂ ಅದೇ ಬೋರ್ಡ್ ನೋಡಿ ಕಲಿತವನು. ಆದರೆ ಆ ಉಂಗುರವನ್ನ ಅವರು ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. 2023ರ ಡಿಸೆಂಬರಿನಲ್ಲಿ ಒಂದು ಆಫರ್ ಬಂದಾಗ ಹಿಂದೆಮುಂದೆ ನೋಡದೆ ಟೆಲಿಸ್ಕೋಪ್ ತರಿಸಿದೆ, ಕ್ರಿಸ್‌ಮಸ್ ರಜೆಗೆ ಊರಿಗೆ ಹೊತ್ಕೊಂಡು ಹೋದೆ.

ಶನಿ ಹುಡುಕೋಕೆ ಆಗಲೇ ಇಲ್ಲ. ಸ್ಟ್ಯಾಂಡು ಕಡ್ಡಿಪೆಟ್ಟಿಗೆಯಲ್ಲಿ ಮಾಡಿದ ಹಾಗಿತ್ತು, ಉಸಿರು ಬಿಟ್ಟರೆ ಅಲ್ಲಾಡೋದು. ಸರಿ, ಚಂದ್ರನಾದ್ರೂ ನೋಡೋಣ ಅಂತ ತಿರುಗಿಸಿದೆ. ಹುಣ್ಣಿಮೆಗೆ ಇನ್ನು ಎರಡು ಮೂರು ದಿನ. ಚಂದ್ರನನ್ನ ನೋಡೋಕೆ ಅದು ಒಳ್ಳೆ ಹೊತ್ತಲ್ಲ ಅಂತ ಆಗ ಗೊತ್ತಿರಲಿಲ್ಲ. ಹುಣ್ಣಿಮೆ ಹತ್ತಿರ ಬಿಸಿಲು ಅಲ್ಲಿ ನೆತ್ತಿ ಮೇಲಿಂದ ಬೀಳುತ್ತೆ, ಗುಂಡಿಗಳಿಗೆ ನೆರಳಿರಲ್ಲ, ಎಲ್ಲ ಚಪ್ಪಟೆ. ಅಷ್ಟಮಿ ಆಸುಪಾಸಿನಲ್ಲಿ ಬೆಳಕು ಕತ್ತಲು ಸೇರೋ ಗೆರೆ ಉದ್ದಕ್ಕೂ ನೋಡಿದರೆ ಬೆಟ್ಟ, ಗುಂಡಿ ಎಲ್ಲ ಕೆತ್ತಿದ ಹಾಗೆ ಎದ್ದು ಕಾಣುತ್ತೆ.

ಅಪ್ಪ ಬಗ್ಗಿ ನೋಡಿದ್ರು. ಬಹಳ ಹೊತ್ತು ನೋಡಿದ್ರು.

“ಕಾಣ್ತಾ ಅಪ್ಪಾ?”

“ಕಾಣ್ತು ಬಿಡಪ್ಪ. ಸ್ವಲ್ಪ ಮಬ್ಬು ಅಷ್ಟೆ.”

ನಾನು ಫೋಕಸ್ ತಿರುಗಿಸಿದೆ. ನನಗೆ ಚೆನ್ನಾಗೇ ಕಾಣ್ತಿತ್ತು. ಅವರು ಮತ್ತೆ ನೋಡಿ ಅದನ್ನೇ ಹೇಳಿದರು. ಅಗ್ಗದ ಮಾಲು, ಲೆನ್ಸ್ ಸರಿಯಿಲ್ಲ ಅಂತ ತೀರ್ಮಾನ ಮಾಡಿ, ಬೆಂಗಳೂರಿಗೆ ವಾಪಸ್ ಬಂದವನೇ ಎರಡು ವಾರ ಕೂತು ಓದಿದೆ. ಇಂಜಿನಿಯರಿಂಗ್‌ನಲ್ಲಿ ಆಪ್ಟಿಕ್ಸ್ ಪಾಸಾಗಿದ್ದು ಹೇಗೆ ಅಂತ ನನಗೇ ಆಶ್ಚರ್ಯ ಆಯ್ತು.

ನಾವು ಟೆಲಿಸ್ಕೋಪ್ ಅಂದ್ರೆ ದೊಡ್ಡದು ಮಾಡಿ ತೋರಿಸೋ ಯಂತ್ರ ಅಂದ್ಕೊಂಡಿರ್ತೀವಿ. ಅದು ಎರಡನೇ ಕೆಲಸ. ಮೊದಲ ಕೆಲಸ ಬೆಳಕು ಹಿಡಿಯೋದು. ಮಳೆ ಬರುವಾಗ ಅಂಗಳದಲ್ಲಿ ಚೊಂಬು ಇಟ್ಟರೆ ಎಷ್ಟು ನೀರು, ಕೊಳದಪ್ಪಲೆ ಇಟ್ಟರೆ ಎಷ್ಟು? ಬಾಯಿ ಅಗಲ ಇದ್ದಷ್ಟೂ ಜಾಸ್ತಿ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಪೂರ್ತಿ ತೆರೆದರೆ ಸುಮಾರು 7 ಮಿಲಿಮೀಟರ್, ಅದೂ ಹರೆಯದಲ್ಲಿ. ವಯಸ್ಸಾದ ಹಾಗೆ ಅಷ್ಟು ಅರಳಲ್ಲ. 60 ಮಿ.ಮೀ. ಲೆನ್ಸ್ ಅದಕ್ಕಿಂತ ಸುಮಾರು 73 ಪಟ್ಟು ಬೆಳಕು ಹಿಡಿಯುತ್ತೆ. 150 ಮಿ.ಮೀ. ಕನ್ನಡಿ ಆದರೆ ಸುಮಾರು 460 ಪಟ್ಟು. ಅಗಲ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು, ಲೆಕ್ಕ ಅಷ್ಟೆ.

ಇನ್ನು “ಎಕ್ಸ್”. ಮುಂದಿನ ಲೆನ್ಸ್ ಅಥವಾ ಕನ್ನಡಿಯ ಫೋಕಲ್ ಲೆಂಗ್ತನ್ನ ಕಣ್ಣಿಡೋ ಐಪೀಸಿನ ಫೋಕಲ್ ಲೆಂಗ್ತಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತೆ ಅಂತ ಸಿಗುತ್ತೆ. ನನ್ನ ಡಬ್ಬದಲ್ಲಿದ್ದದ್ದು 700 ಮಿ.ಮೀ. ಕೊಳವೆ. 20 ಮಿ.ಮೀ. ಐಪೀಸ್ ಹಾಕಿದರೆ 35 ಪಟ್ಟು. 4 ಮಿ.ಮೀ. ಹಾಕಿದರೆ 175. ಅದರ ಜೊತೆ ಮೂರರಷ್ಟು ಮಾಡೋ ಬಾರ್ಲೋ ಅನ್ನೋ ಇನ್ನೊಂದು ಲೆನ್ಸ್ ಸಿಕ್ಕಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಹಿಡಿದ ಬೆಳಕು ಅಷ್ಟೇ ಇದೆ, ಅದನ್ನೇ ದೊಡ್ಡ ಜಾಗಕ್ಕೆ ಹರಡ್ತಾ ಹೋದರೆ ಏನಾಗುತ್ತೆ? ಒಂದು ಲೋಟ ಸಾರಿಗೆ ಬಕೆಟ್ ನೀರು ಸುರಿದ ಹಾಗೆ. ವಾಟ್ಸಾಪ್‌ನಲ್ಲಿ ಬಂದ ಫೋಟೋವನ್ನ ಎರಡು ಬೆರಳಲ್ಲಿ ಹಿಗ್ಗಿಸಿದರೆ ಮುಖದ ಬದಲು ಚೌಕ ಕಾಣಲ್ವಾ, ಅದೇ ಕಥೆ. ವಾಡಿಕೆಯಲ್ಲಿರೋ ಅಂದಾಜು: ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅದಕ್ಕಿಂತ ಮೇಲೆ ಹೋದರೆ ಪ್ರಯೋಜನ ಇಲ್ಲ. 60 ಮಿ.ಮೀ.ಗೆ 120. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ “ಎಕ್ಸ್” ಬರೆದು ಅಗಲವನ್ನ ಸಣ್ಣಕ್ಷರದಲ್ಲಿ ಬರೆದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟು ತಿಳ್ಕೊಂಡ ಮೇಲೆ ನಾನು ಏನು ಮಾಡಿರಬೇಕು? ಇನ್ನೊಂದು ಕೊಂಡೆ. ಈ ಸಲ ಆರು ಇಂಚಿನ ಕನ್ನಡಿಯ ಡಾಬ್ಸೋನಿಯನ್.

ಕನ್ನಡಿ ಯಾಕೆ ಅಂದ್ರೆ, ಲೆನ್ಸಿನ ಮೂಲಕ ಹಾಯುವಾಗ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ಪ್ರಮಾಣದಲ್ಲಿ ಬಾಗುತ್ತೆ. ಅಗ್ಗದ ಲೆನ್ಸಿನಲ್ಲಿ ಚಂದ್ರನ ಅಂಚಿಗೆ ನೇರಳೆ ಬಾರ್ಡರ್ ಕಾಣೋದು ಅದಕ್ಕೇ. ಕನ್ನಡಿ ಎಲ್ಲ ಬಣ್ಣವನ್ನೂ ಒಂದೇ ಥರ ಪ್ರತಿಫಲಿಸುತ್ತೆ. ನ್ಯೂಟನ್ 1668ರಲ್ಲೇ ಹೀಗೊಂದು ಮಾಡಿ ತೋರಿಸಿದ: ಕೊಳವೆಯ ತಳದಲ್ಲಿ ಒಳಬಾಗಿದ ಕನ್ನಡಿ, ಬಾಯಿ ಹತ್ತಿರ ಓರೆಯಾಗಿಟ್ಟ ಪುಟ್ಟ ಚಪ್ಪಟೆ ಕನ್ನಡಿ, ಪಕ್ಕದಲ್ಲಿ ಕಣ್ಣಿಡೋ ಜಾಗ. ಇವತ್ತಿಗೂ ಅದೇ ವಿನ್ಯಾಸ.

ಡಾಬ್ಸೋನಿಯನ್ ಅನ್ನೋ ಹೆಸರಿನ ಹಿಂದೆ ಒಬ್ಬ ಸನ್ಯಾಸಿ ಇದ್ದಾರೆ. ಜಾನ್ ಡಾಬ್ಸನ್, ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದವರು. ಕೈಯಲ್ಲಿ ಕಾಸಿಲ್ಲ, ಹಡಗಿನ ಕಿಟಕಿಯ ದಪ್ಪ ಗಾಜು ತಂದು ತಾವೇ ಉಜ್ಜಿ ಕನ್ನಡಿ ಮಾಡ್ತಿದ್ರು. ರಟ್ಟಿನ ಕೊಳವೆ, ಮರದ ಪೆಟ್ಟಿಗೆ, ತಿರುಗೋಕೆ ಒಂದು ಬುಡ. ಮಠದಿಂದ ಆಚೆ ಹೋಗಿ ಬೀದಿ ಮಕ್ಕಳಿಗೆ ಆಕಾಶ ತೋರಿಸೋ ಚಟ ಜಾಸ್ತಿಯಾಗಿ 1967ರಲ್ಲಿ ಮಠವೇ ಅವರನ್ನ ಹೊರಗೆ ಕಳಿಸಿತು. ಮಾರನೇ ವರ್ಷ ಕೆಲವು ಗೆಳೆಯರ ಜೊತೆ ಫುಟ್‌ಪಾತ್ ಖಗೋಳ ವೀಕ್ಷಕರ ಬಳಗ ಕಟ್ಟಿದರು. ದಾರಿಹೋಕರನ್ನ ನಿಲ್ಲಿಸಿ, ಬನ್ನಿ ನೋಡಿ ಅನ್ನೋದೇ ಕೆಲಸ. ತಮ್ಮ ವಿನ್ಯಾಸಕ್ಕೆ ಪೇಟೆಂಟ್ ತಗೊಳ್ಳಲಿಲ್ಲ. ಅದಕ್ಕೇ ಇವತ್ತು ಕೊಡೋ ದುಡ್ಡಿಗೆ ಅತಿ ಅಗಲದ ಕನ್ನಡಿ ಸಿಗೋದು ಡಾಬ್ಸೋನಿಯನ್‌ನಲ್ಲೇ. ಮೋಟರ್ ಇಲ್ಲ, ಆ್ಯಪ್ ಇಲ್ಲ, ಕೈಯಲ್ಲಿ ತಳ್ಳಬೇಕು. ದಿನವಿಡೀ ಕೋಡ್ ಬರೆಯೋನಿಗೆ ಅಪ್‌ಡೇಟ್ ಕೇಳದ ಒಂದು ವಸ್ತು ಮನೆಯಲ್ಲಿರೋದು ಎಷ್ಟು ನೆಮ್ಮದಿ ಅಂತ ಏನು ಹೇಳ್ಲಿ.

(ಇದಕ್ಕೆ ಪೂರ್ತಿ ವಿರುದ್ಧದ ಇನ್ನೊಂದು ತುದಿಯೂ ನಮ್ಮ ಪಕ್ಕದಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರೋ 2 ಮೀಟರ್ ಅಗಲದ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ನಮ್ಮ ಹೊಸಕೋಟೆಯಲ್ಲಿ ಕೂತು. ವೈಟ್‌ಫೀಲ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ನೆನಪಾಗುತ್ತೆ. ರಿಮೋಟ್ ವರ್ಕ್ ಅಂದ್ರೆ ಅದಪ್ಪಾ.)

ಹೊಸ ಟೆಲಿಸ್ಕೋಪ್ ಕಾರಿನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು 2024ರ ಯುಗಾದಿಗೆ ಊರಿಗೆ ಹೋದೆ. ಹಬ್ಬ ಮಂಗಳವಾರ, ಮಾರನೇ ದಿನ ಸಂಜೆ ಚಂದ್ರ ನೋಡೋದು. ನಮ್ಮ ಕಡೆಯವರಿಗೆ ಗೊತ್ತಿರುತ್ತೆ: ಎಲ್ಲರೂ ಬೀದಿಗೆ ಬಂದು ಪಡುವಣಕ್ಕೆ ತಿರುಗಿ ನಿಲ್ತಾರೆ, ಎಳೆಯ ಗೆರೆ ಕಂಡ ತಕ್ಷಣ ಕೈಮುಗಿದು, ಚಿಕ್ಕವರು ದೊಡ್ಡವರ ಕಾಲಿಗೆ ಬೀಳ್ತಾರೆ. ನಮ್ಮ ಬೀದಿಯಲ್ಲಿ ಯಾವಾಗಲೂ ಮೊದಲು ಚಂದ್ರ ಕಾಣೋದು ಅಪ್ಪನಿಗೆ. “ಅಗೋ, ತೆಂಗಿನ ಮರದ ಬಲಕ್ಕೆ, ಒಂದು ಗೇಣು ಮೇಲೆ” ಅಂತ ಬೆರಳು ತೋರಿಸೋರು, ಇಡೀ ಬೀದಿ ಆ ಬೆರಳಿನ ಹಿಂದೆ ನೋಡೋದು.

ಆ ಸಂಜೆ ಪಕ್ಕದ್ಮನೆ ಏಳು ವರ್ಷದ ಹುಡುಗ “ಕಾಣ್ತು!” ಅಂತ ಕೂಗಿದ. ಅಪ್ಪ ಅವನು ತೋರಿಸಿದ ಕಡೆ ನೋಡ್ತಾನೇ ಇದ್ರು. ಆಮೇಲೆ ಕೈಮುಗಿದ್ರು. ನಾನು ಕಾಲಿಗೆ ಬೀಳೋಕೆ ಬಗ್ಗಿದವನು ತಲೆ ಎತ್ತಿ ನೋಡಿದರೆ, ಕೈ ಮುಗಿದಿದ್ದು ಚಂದ್ರನಿಗಿಂತ ಪೂರಾ ಎಡಕ್ಕೆ. ಮೋಡ ಇರಬೇಕು ಅಂದ್ಕೊಂಡೆ. ಮೋಡ ಇರಲಿಲ್ಲ.

ಅವತ್ತು ಚಂದ್ರನ ಪಕ್ಕದಲ್ಲೇ ಗುರು ಇತ್ತು. ಟೆಲಿಸ್ಕೋಪ್ ತಿರುಗಿಸಿ 25 ಮಿ.ಮೀ. ಐಪೀಸ್ ಹಾಕಿದೆ, 48 ಪಟ್ಟು. ನನಗೆ ಪುಟ್ಟ ತಟ್ಟೆ, ಅಕ್ಕಪಕ್ಕ ಒಂದೇ ಸಾಲಿನಲ್ಲಿ ಚುಕ್ಕಿಗಳು ಕಂಡವು. ಗೆಲಿಲಿಯೋ 1610ರ ಜನವರಿಯಲ್ಲಿ ಕಂಡ ಅದೇ ಉಪಗ್ರಹಗಳು. ಅಪ್ಪನನ್ನ ಕರೆದೆ.

“ಎಷ್ಟು ಕಾಣ್ತವೆ?”

“ನಾಲ್ಕೈದು ಅವೆ ಕಣಪ್ಪ.”

ಕುಣಿದಾಡಿಬಿಟ್ಟೆ. ಗುರುವಿನ ನಾಲ್ಕು ಚಂದ್ರ ಅಪ್ಪನಿಗೆ ಕಂಡವು! ಹೇಗಿವೆ ಬರೆದು ತೋರಿಸಿ ಅಂತ ಅವರ ಕೈಗೆ ಪೆನ್ನು ಕೊಟ್ಟೆ. ಅವರು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದರು: ಒಂದರ ಮೇಲೊಂದು ಬಿದ್ದ ಐದು ಗುಂಡು, ಎಲ್ಲವೂ ಒಂದೇ ಗಾತ್ರ, ಮಲ್ಲಿಗೆ ಮೊಗ್ಗಿನ ಗೊಂಚಲಿನ ಹಾಗೆ. ಫೋಕಸ್ ತಿರುಗಿಸಿದೆ. ಕನ್ನಡಿ ಜೋಡಣೆ ಪರೀಕ್ಷಿಸಿದೆ. ಐಪೀಸ್ ಬದಲಿಸಿದೆ, ಒರೆಸಿದೆ. ಮೂವತ್ತು ಸಾವಿರಕ್ಕೂ ಮೇಲೆ ಸುರಿದ ಟೆಲಿಸ್ಕೋಪೂ ಹೀಗಾಯ್ತಲ್ಲ ಅಂತ ಅಳು ಬರೋ ಹಾಗಾಯ್ತು. ಅಮ್ಮ ಇಷ್ಟೂ ಹೊತ್ತು ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸ್ತಾ ನೋಡ್ತಿದ್ದವಳು ತಲೆ ಎತ್ತದೆ ಹೇಳಿದ್ಲು:

“ರೀ, ಇನ್ನೊಂದು ಕಣ್ಣಲ್ಲಿ ನೋಡ್ರಿ.”

ಎಡಗಣ್ಣಲ್ಲಿ ನೋಡಿದರು. ಒಂದು ನಿಮಿಷ ಮಾತಿಲ್ಲ. “ಒಂದೇ ಐತೆ. ಪಕ್ಕದಾಗೆ ಸಣ್ಣ ಚುಕ್ಕಿ ಸಾಲಾಗಿ.”

ಎಂಟು ಗಂಟೆಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಚೆನ್ನಾಗಿ ಎದ್ದಿತ್ತು. ಅದರ ಬಾಲದಲ್ಲಿ ವಸಿಷ್ಠ, ಪಕ್ಕದಲ್ಲಿ ಅಂಟಿಕೊಂಡ ಹಾಗೆ ಮಂಕಾದ ಅರುಂಧತಿ. ಮದುವೆಯಲ್ಲಿ ಪುರೋಹಿತರು ಹಾಡುಹಗಲಲ್ಲಿ ಶಾಮಿಯಾನದ ಸಂದಿಯಿಂದ ತೋರಿಸ್ತಾರಲ್ಲ, ಗಂಡು ಹೆಣ್ಣು ಇಬ್ಬರೂ ಕಾಣ್ತು ಅಂತಾರಲ್ಲ, ಅದೇ. ಹಿಂದಿನ ಕಾಲದಲ್ಲಿ ಈ ಜೋಡಿಯನ್ನ ಕಣ್ಣಿನ ಪರೀಕ್ಷೆಗೂ ಬಳಸ್ತಿದ್ರು. ಟೆಲಿಸ್ಕೋಪಿನಲ್ಲಿ ನೋಡಿದರೆ ವಸಿಷ್ಠನೇ ಎರಡು ನಕ್ಷತ್ರವಾಗಿ ಒಡೀತಾನೆ, ಅದು ಬೇರೆ ಸಂಭ್ರಮ. ಅವತ್ತು ಟೆಲಿಸ್ಕೋಪ್ ಮುಟ್ಟಲಿಲ್ಲ. ಅಪ್ಪನಿಗೆ ಒಂದೊಂದೇ ಕಣ್ಣು ಮುಚ್ಚಿ ನೋಡಿ ಅಂದೆ. ಎಡಗಣ್ಣಿಗೆ ಅರುಂಧತಿ ಇದ್ದಳು. ಬಲಗಣ್ಣಿಗೆ ವಸಿಷ್ಠನೂ ಸರಿಯಾಗಿ ಇರಲಿಲ್ಲ.

ಐಪೀಸಿಗೆ ಅವರು ಪ್ರತಿ ಸಲ ಇಡ್ತಿದ್ದದ್ದು ಬಲಗಣ್ಣು.

ಆಮೇಲೆ ಒಂದೊಂದೇ ಹೊರಗೆ ಬಂತು. ಕತ್ತಲಾದ ಮೇಲೆ ಸ್ಕೂಟರ್ ಬಿಟ್ಟಿದ್ದು “ಬೆನ್ನು ನೋವಿಗೆ” ಅಲ್ಲ, ಎದುರಿನ ಲಾರಿಯ ಹೆಡ್‌ಲೈಟ್ ಕಣ್ಣಿನ ತುಂಬ ಹರಡ್ತಿತ್ತಂತೆ. ಪೇಪರ್ ಕಿಟಕಿ ಹತ್ತಿರ ಹಿಡಿದು ಓದೋದು. ಒಂದೂವರೆ ವರ್ಷದಿಂದ. ಯಾಕೆ ಹೇಳಲಿಲ್ಲ ಅಂದರೆ, “ನಿನಗೆ ಅಲ್ಲೇ ನೂರೆಂಟು ಟೆನ್ಷನ್ ಇರ್ತವೆ.” ಆಫೀಸಿನಲ್ಲಿ ಯಾರಾದ್ರೂ ಇಡೀ ಸಿಸ್ಟಮ್ ನೋಡದೆ ಒಂದೇ ಭಾಗದ ಮೇಲೆ ತಪ್ಪು ಹೊರಿಸಿದರೆ ನಾನು ಮುಖ ಸಿಂಡರಿಸ್ತೀನಿ. ಇಲ್ಲಿ ನಾಲ್ಕು ತಿಂಗಳು ಲೆನ್ಸು, ಕನ್ನಡಿ ಅಂತ ಬೈದೆ. ಟೆಲಿಸ್ಕೋಪಿನಲ್ಲಿ ಬೆಳಕು ಹಾಯೋ ಕೊನೆಯ ಲೆನ್ಸ್ ಡಬ್ಬದಲ್ಲಿ ಬರಲ್ಲ, ನೋಡೋರ ಕಣ್ಣಲ್ಲಿರುತ್ತೆ ಅನ್ನೋದು ಹೊಳೆಯಲೇ ಇಲ್ಲ.

ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿಂದು ಬಲಿತಿದೆ ಅಂದರು. ಪೊರೆ ಬೆಳೆಯುವಾಗ ಕಣ್ಣಿನ ಲೆನ್ಸ್ ಎಲ್ಲ ಕಡೆ ಒಂದೇ ಸಮ ಮಂಜಾಗದಿದ್ದರೆ ಒಂದೇ ವಸ್ತು ನಾಲ್ಕೈದಾಗಿ ಕಾಣಬಹುದಂತೆ. ಅಪ್ಪ ಬರೆದ ಮೊಗ್ಗಿನ ಗೊಂಚಲು ಸುಳ್ಳಾಗಿರಲಿಲ್ಲ. ಜೂನ್‌ನಲ್ಲಿ ಬಲಗಣ್ಣಿನ ಆಪರೇಷನ್ ಆಯ್ತು, ಮಬ್ಬಾದ ಲೆನ್ಸ್ ತೆಗೆದು ಕೃತಕ ಲೆನ್ಸ್ ಹಾಕಿದರು. ಪಟ್ಟಿ ಬಿಚ್ಚಿದ ಮೇಲೆ ಅಪ್ಪ ಕೇಳಿದ ಮೊದಲ ಮಾತು, “ಈ ಗೋಡೆ ಬಿಳೀನಾ?” ಪೊರೆಗೆ ಹಳದಿ ಛಾಯೆ ಇರುತ್ತೆ, ಅವರ ಪಾಲಿಗೆ ಲೋಕವೇ ಕೆನೆಬಣ್ಣಕ್ಕೆ ತಿರುಗಿತ್ತು.

ಮಳೆಗಾಲ ಪೂರ್ತಿ ಮೋಡ. ಡಿಸೆಂಬರ್ ಕೊನೆಯ ವಾರ ಮತ್ತೆ ಹೋದೆ, ಈ ಸಲ ಅಮಾವಾಸ್ಯೆ ಹತ್ತಿರ ನೋಡ್ಕೊಂಡು. ನೀವೂ ಮೊದಲ ಸಲ ಹೊರಟರೆ ಕೆಲವು ಮಾತು ಕೇಳಿ. ಆರ್‌ಸಿಸಿ ಮಾಳಿಗೆ ಬೇಡ, ಹಗಲಿನ ಬಿಸಿ ರಾತ್ರಿವರೆಗೂ ಏಳ್ತಾ ಇರುತ್ತೆ, ದೋಸೆ ಹೆಂಚಿನ ಮೇಲಿನ ಗಾಳಿ ಥರ ಚಿತ್ರ ಕುಣಿಯುತ್ತೆ. ಮಣ್ಣಿನ ನೆಲ, ಹುಲ್ಲು ಒಳ್ಳೇದು. ಟೆಲಿಸ್ಕೋಪನ್ನ ಅರ್ಧ ಗಂಟೆ ಮೊದಲೇ ಆಚೆ ಇಡಿ, ಕನ್ನಡಿ ಹೊರಗಿನ ತಂಪಿಗೆ ಬರಬೇಕು. ಕಣ್ಣಿಗೂ ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ನೋಟಿಫಿಕೇಷನ್ ನೋಡಿದ್ರೆ ಮತ್ತೆ ಮೊದಲಿಂದ. ಟಾರ್ಚ್ ಬೇಕೇ ಬೇಕು ಅಂದ್ರೆ ಕೆಂಪು ಕಾಗದ ಸುತ್ತಿ. ಮಂಕಾದ ವಸ್ತುವನ್ನ ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಅದು ತಾನಾಗಿ ಮೂಡುತ್ತೆ. ಮಹಾವ್ಯಾಧನ ಕತ್ತಿಯಲ್ಲಿರೋ ನೆಬ್ಯುಲಾ ಫೋಟೋದಲ್ಲಿ ಇರೋ ಹಾಗೆ ಗುಲಾಬಿ ಕಾಣಲ್ಲ, ಬೂದು ಹೊಗೆ ಥರ ಇರುತ್ತೆ, ಬೇಜಾರಾಗಬೇಡಿ. ಬೆಂಗಳೂರಿನ ಬೆಳಕಲ್ಲಿ ಅದು ಕಷ್ಟ, ಆದರೆ ಚಂದ್ರ, ಗುರು, ಶನಿಗೆ ಊರಿಗೇ ಹೋಗಬೇಕಿಲ್ಲ. ಇನ್ನು, ಅಗ್ಗದ ಡಬ್ಬದಲ್ಲಿ ಐಪೀಸಿಗೆ ತಿರುಪೋ ಕಪ್ಪು ಗಾಜು “ಸನ್ ಫಿಲ್ಟರ್” ಅಂತ ಬಂದಿದ್ದರೆ ಇವತ್ತೇ ಬಿಸಾಡಿ. ಸೂರ್ಯನ ಶಾಖಕ್ಕೆ ಅದು ಬಿರುಕು ಬಿಟ್ಟರೆ ಕಣ್ಣು ಹೋಗುತ್ತೆ. ಸೂರ್ಯನ ಕಡೆ ಟೆಲಿಸ್ಕೋಪ್ ತಿರುಗಿಸಲೇಬೇಡಿ.

ಗೆಳೆಯನಿಗೂ ಹೇಳಿಬಿಡ್ತೀನಿ: ಐದು ಸಾವಿರಕ್ಕೆ 10x50 ಬೈನಾಕ್ಯುಲರ್ ತಗೋ. ಕೃತ್ತಿಕೆ ನೋಡು. ಆಮೇಲೂ ಆಸೆ ಇದ್ದರೆ ದುಡ್ಡು ಕೂಡಿಸು.

ಆ ಸಂಜೆ ಪಶ್ಚಿಮದಲ್ಲಿ ಶುಕ್ರ ಉರೀತಿತ್ತು, ಅದರ ಮೇಲೆ ಶನಿ, ಮೂಡಲಲ್ಲಿ ರೋಹಿಣಿಯ ಹತ್ತಿರ ಗುರು. 10 ಮಿ.ಮೀ. ಐಪೀಸ್ ಹಾಕಿ ಶನಿ ಹಿಡಿದೆ, 120 ಪಟ್ಟು. ಆ ವರ್ಷ ಉಂಗುರ ನಮ್ಮ ಕಡೆಗೆ ಹೆಚ್ಚುಕಮ್ಮಿ ಅಂಚು ತಿರುಗಿಸ್ತಿತ್ತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತೆ, 2025ರ ಮಾರ್ಚಿನಲ್ಲಿ ಪೂರ್ತಿ ಅಂಚೇ. ಗೆಲಿಲಿಯೋಗೂ ಹೀಗೇ ಕೈಕೊಟ್ಟಿತ್ತು: 1610ರಲ್ಲಿ ಶನಿಯ ಎರಡೂ ಕಡೆ ಏನೋ ಅಂಟಿಕೊಂಡಿದ್ದನ್ನ ಕಂಡವನು 1612ರಲ್ಲಿ ನೋಡಿದರೆ ಮಾಯ. ಅದು ಉಂಗುರ ಅಂತ ಹೈಗೆನ್ಸ್ ಬಿಡಿಸಿ ಹೇಳಿದ್ದು 1659ರ ಪುಸ್ತಕದಲ್ಲಿ.

ಅಪ್ಪ ಬಲಗಣ್ಣು ಇಟ್ಟರು. ಶನಿಯಿಂದ ಆ ಬೆಳಕು ಹೊರಟು ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲಾಗಿತ್ತು. ಒಂದೂವರೆ ನಿಮಿಷಕ್ಕೆ ಶನಿ ಅಂಚಿಗೆ ಸರಿದು ಹೋಯ್ತು, ನಾನು ತಳ್ಳೋಕೆ ಹೋದರೆ ಕೈ ತಡೆದು ತಾವೇ ಕೊಳವೆ ಸರಿಸಿ ಹಿಡಿದರು. “ಶನಿ ಓಡ್ತಿಲ್ಲ, ನಾವು ತಿರುಗ್ತಿದ್ದೀವಿ” ಅಂತ ತಮ್ಮಷ್ಟಕ್ಕೆ ಹೇಳ್ಕೊಂಡ್ರು. ಆಮೇಲೆ ತಲೆ ಎತ್ತಿ, “ನಾನು ಬೋರ್ಡ್ ಮೇಲೆ ಉಂಗುರ ಭಾಳ ದಪ್ಪ ಬರೀತಿದ್ದೆ ಕಣೋ” ಅಂದರು. 2032ರ ಹೊತ್ತಿಗೆ ಅಗಲವಾಗಿ ತೆರ್ಕೊಳ್ಳುತ್ತೆ ಅಂದೆ. “ಆಗ ನನಗೆ ಎಪ್ಪತ್ನಾಲ್ಕು. ಅಷ್ಟರಾಗೆ ಎಡಗಣ್ಣಿಂದೂ ಮಾಡಿಸ್ಬೇಕು.”

ಅಷ್ಟೊತ್ತಿಗೆ ಬೀದಿಯ ಹುಡುಗರೆಲ್ಲ ಬಂದಿದ್ದರು. ಅಪ್ಪ ಸಾಲು ನಿಲ್ಲಿಸಿದರು, ರಿಟೈರ್ ಆದದ್ದು ಮರೆತು. ಯುಗಾದಿಗೆ ಚಂದ್ರ ಕಂಡ ಹುಡುಗ ಬಗ್ಗಿ ನೋಡಿ “ಕಾಣ್ತು” ಅಂದ.

“ಕಾಣ್ತು ಅಂದ್ರೆ ಆಗಲ್ಲ. ಏನು ಕಾಣ್ತು ಬರೆದು ತೋರ್ಸು” ಅಂತ ಒಳಗಿಂದ ಚಾಕ್‌ಪೀಸ್ ಡಬ್ಬ ತಂದರು. ಹುಡುಗ ಸಿಮೆಂಟ್ ಅಂಗಳದ ಮೇಲೆ ಮಂಡಿಯೂರಿ ಒಂದು ಗುಂಡು ಬರೆದು, ಅದರ ಮಧ್ಯೆ ಸೂಜಿ ಚುಚ್ಚಿದ ಹಾಗೆ ಗೆರೆ ಎಳೆದ. ಅಪ್ಪ ಟಾರ್ಚ್ ಹಾಕಿ ನೋಡಿ, ಕೆಂಪು ಕಾಗದ ಸುತ್ತಿದ್ದ ಟಾರ್ಚೇ, ಸರಿ ಅಂತ ಮುಂದಿನವಳನ್ನ ಕರೆದರು.

ಬೆಳಿಗ್ಗೆ ಅಮ್ಮ ನೀರು ಹಾಕಿ ರಂಗೋಲಿ ಬಿಡೋಕೆ ಹೋದವಳು ಬಕೆಟ್ ಹಿಡ್ಕೊಂಡು ನಿಂತೇ ಇದ್ಲು. “ಧನುರ್ಮಾಸದಲ್ಲಿ ಬಾಗಿಲ ಮುಂದೆ ಹದಿನಾಲ್ಕು ಶನಿ. ಯಾರಿಗೆ ಹೇಳ್ಕೊಳ್ಲಿ” ಅಂತ ಗೊಣಗಿ, ಹೊಸ್ತಿಲ ಹತ್ತಿರದ ಒಂದು ಚೂರು ಮಾತ್ರ ತೊಳೆದು ಅಲ್ಲೇ ಚಿಕ್ಕದಾಗಿ ರಂಗೋಲಿ ಬಿಟ್ಟಳು.